ಮೊದಲ ಹಾಲು ಯಾರದ್ದು?

ಒಂದು ಮನೆಯಲ್ಲಿ ದನ ಕರು ಹಾಕಿತು ಅಂತ ಗೊತ್ತಾದರೆ ನಮ್ಮ ಕಡೆ ಜನ ಮೊದಲು ಕೇಳುವುದು ಒಂದೇ: "ಗಿಣ್ಣು ಉಂಟಾ?" ಎರಡನೆಯದ್ದು, "ಹೆಣ್ಣಾ, ಗಂಡಾ?" ಕರು ಎದ್ದು ನಿಂತಿತಾ, ಹಾಲು ಕುಡಿಯಿತಾ ಅಂತ ಕೇಳುವವರು ಕಡಿಮೆ. ನಾನೂ ಹಾಗೆಯೇ ಇದ್ದವನು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣನ್ನು ಯಾರಾದರೂ ತಟ್ಟೆಯಲ್ಲಿ ಇಟ್ಟು ಕೊಟ್ಟರೆ ಬೇಡ ಅಂದದ್ದಿಲ್ಲ. ಅದು ಯಾರ ಪಾಲಿನ ಹಾಲು ಎಂದು ಯೋಚಿಸಿದ್ದು ನಲವತ್ತು ದಾಟಿದ ಮೇಲೆ, 2024ರ ರಮಝಾನಿನಲ್ಲಿ. ಅದೂ ಒಂದು ಕರು ನನ್ನ ಕೈಯಿಂದಲೇ ಸತ್ತ ಮೇಲೆ.

ನಾನು ಮದ್ರಸದಲ್ಲಿ ಕಲಿಸುವವನು. ರಮಝಾನಿನಲ್ಲಿ ಮದ್ರಸಕ್ಕೆ ರಜೆ. ಆ ವರ್ಷ ರಜೆಯಲ್ಲಿ ಹೆಂಡತಿಯ ಮನೆಯಲ್ಲಿದ್ದೆ. ಬಂಟ್ವಾಳ ತಾಲೂಕಿನ ಒಂದು ಹಳ್ಳಿ. ಸ್ವಲ್ಪ ಅಡಿಕೆ ತೋಟ, ಮನೆಯ ಹಿಂದೆ ಹಟ್ಟಿ, ಹಟ್ಟಿಯಲ್ಲಿ ಆರು ಮಿಶ್ರತಳಿ ದನ, ಎರಡು ಕಡಸು. ದಿನಕ್ಕೆ ಎರಡು ಹೊತ್ತು ಹಾಲು ಸೊಸೈಟಿಗೆ ಹೋಗಬೇಕು. ಇದನ್ನೆಲ್ಲ ನಡೆಸುವವರು ನನ್ನ ಹೆಂಡತಿಯ ತಾಯಿ, ನಾವು ಮಾಮಿ ಎಂದು ಕರೆಯುವವರು. ಮಾವ ತೀರಿಕೊಂಡು ಕೆಲವು ವರ್ಷವಾಯಿತು. ಹೆಂಡತಿಯ ತಮ್ಮ ಸೌದಿಯಲ್ಲಿ. ಹಿಂಡಿಯ ಬಿಲ್ಲು ಅವನು ಕಳಿಸುತ್ತಾನೆ, ಹಟ್ಟಿಯ ಕೆಲಸ ಮಾಮಿಯದ್ದು. ನಮ್ಮಲ್ಲಿ ಇಂತಹ ಮನೆಗಳು ಎಷ್ಟಿವೆ ಎಂದು ಓದುವವರಿಗೆ ಹೇಳಬೇಕಾಗಿಲ್ಲ. ಗಂಡಸರು ಗಲ್ಫಿನಲ್ಲಿ, ಹೆಂಗಸರು ಹಟ್ಟಿಯಲ್ಲಿ.

ಮಾಮಿ ನನ್ನನ್ನು ಊರಿನವರ ಹಾಗೆ "ಉಸ್ತಾದೇ" ಎಂದೇ ಕರೆಯುವುದು. ನಾನು ಹಟ್ಟಿಗೆ ಇಳಿಯುವುದು ಅವರಿಗೆ ಸರಿ ಕಾಣಲಿಲ್ಲ. "ನೀವು ಕೂತ್ಕೊಳ್ಳಿ, ಬಟ್ಟೆಯೆಲ್ಲ ನಜಸ್ ಆಗ್ತದೆ" ಎಂದರು. ಆದರೆ ಅವರ ಮಂಡಿ ನೋವು ನೋಡಿ ಸುಮ್ಮನೆ ಕೂರುವುದು ಹೇಗೆ? ಅದಲ್ಲದೆ ಅವರ ಹಟ್ಟಿಯಲ್ಲಿ ಹಿಂದಿನ ವರ್ಷ ಹುಟ್ಟಿದ ಐದು ಕರುಗಳಲ್ಲಿ ಮೂರು ಸತ್ತಿದ್ದವು. ಒಂದು ಬೇಧಿಯಿಂದ, ಒಂದು ಕೆಮ್ಮಿ ಕೆಮ್ಮಿ, ಇನ್ನೊಂದು ಯಾಕೆಂದೇ ಗೊತ್ತಾಗಲಿಲ್ಲ. "ಕರುಗಳ ಕೆಲಸ ನಾನು ನೋಡ್ತೇನೆ" ಎಂದೆ. ಹಟ್ಟಿಗೆಂದೇ ಒಂದು ಹಳೆ ಲುಂಗಿ, ಒಂದು ಬನಿಯನ್ ಬಾಗಿಲ ಹಿಂದೆ ನೇತು ಹಾಕಿದೆ. ಕೆಲಸ ಮುಗಿದ ಮೇಲೆ ಅದನ್ನು ಕಳಚಿ, ಕೈಕಾಲು ಚೆನ್ನಾಗಿ ತೊಳೆದು, ಬೇರೆ ಬಟ್ಟೆ ಉಟ್ಟು ನಮಾಝಿಗೆ ಹೋಗುವುದು. ಸೆಗಣಿ, ಗಂಜಳ ನಮ್ಮ ಶಾಫಿಈ ಮದ್ಹಬಿನಲ್ಲಿ ನಜಸ್ ಹೌದು. ಆದರೆ ನಜಸ್ ಮುಟ್ಟಿದರೆ ತೊಳೆದುಕೊಂಡರೆ ಆಯಿತು, ಮುಟ್ಟುವುದು ಪಾಪವಲ್ಲ. ಇಷ್ಟು ಸಣ್ಣ ಮಾತಿಗೆ ಹೆದರಿ ಹಟ್ಟಿಯಿಂದ ದೂರ ನಿಲ್ಲುವ ಯುವಕರು ನಮ್ಮಲ್ಲಿ ಇದ್ದಾರೆ, ಅದಕ್ಕೆ ಬರೆದೆ.

ನಾನು ಮಾಡಿದ ತಪ್ಪು

ಆ ರಮಝಾನಿನ ಮೊದಲ ವಾರದಲ್ಲಿ ಒಂದು ದನ ಹೆಣ್ಣು ಕರು ಹಾಕಿತು. ಎಲ್ಲರಿಗೂ ಸಂತೋಷ. ಆದರೆ ಕರುವಿಗೆ ಗಿಣ್ಣು ಕುಡಿಸುವಾಗ ತಡವಾಗಿತ್ತು. ಯಾಕೆಂದರೆ ಹಳೆಯವರು ಹೇಳುವ ಒಂದು ಮಾತು ಉಂಟು: ದನದ ಕಸ ಬೀಳುವವರೆಗೆ ಹಾಲು ಕರೆಯಬಾರದು, ಕರುವನ್ನು ಕುಡಿಯಲು ಬಿಡಬಾರದು. ಕಸ ಬೀಳಲು ಕೆಲವು ಗಂಟೆಗಳೇ ಬೇಕು. ಅಲ್ಲಿಯವರೆಗೆ ಕರು ಕಾದು ಮಲಗಿತು. ಆಮೇಲೆ ಕುಡಿದದ್ದೂ ಸ್ವಲ್ಪ. ದಿನ ಹೋದ ಹಾಗೆ ಅದು ನಿತ್ರಾಣವಾಯಿತು.

ನಾಲ್ಕನೆಯ ದಿನ ಸಂಜೆ. ಮಗ್ರಿಬಿಗೆ ಇನ್ನು ಹತ್ತು ನಿಮಿಷ. ಕರು ಚೀಪುವುದೇ ಇಲ್ಲ. ನನಗೆ ಅವಸರ. ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಲು ತುಂಬಿಸಿ, ಕರುವಿನ ತಲೆ ಮೇಲಕ್ಕೆತ್ತಿ ಹಿಡಿದು ಬಾಯಿಗೆ ಸುರಿದೆ. ಅರ್ಧ ಒಳಗೆ ಹೋಯಿತು, ಅರ್ಧ ಮೂಗಿನಿಂದ ಬಂತು. ಕರು ಕೆಮ್ಮಿತು. "ಕುಡಿಯಿತಲ್ಲ, ಸಾಕು" ಎಂದು ಇಫ್ತಾರಿಗೆ ಹೋದೆ. ಮರುದಿನ ಬೆಳಿಗ್ಗೆ ಅದರ ಮೈ ಸುಡುತ್ತಿತ್ತು, ಉಸಿರಾಡುವಾಗ ಪಕ್ಕೆ ಜೋರಾಗಿ ಏರಿಳಿಯುತ್ತಿತ್ತು. ಪಶು ವೈದ್ಯರು ಬಂದು ಚುಚ್ಚುಮದ್ದು ಕೊಟ್ಟರು. ಹೇಗೆ ಕುಡಿಸಿದಿರಿ ಎಂದು ಕೇಳಿದರು. ನಾನು ಹೇಳಿದೆ. ಅವರು ಬೈಯಲಿಲ್ಲ. "ಹಾಲು ಶ್ವಾಸಕೋಶಕ್ಕೆ ಹೋಗಿದೆ ಉಸ್ತಾದ್. ನೋಡುವ" ಎಂದರು. ಮೂರನೆಯ ದಿನ ಅದು ಹೋಯಿತು.

ತೋಟದ ಮೂಲೆಯಲ್ಲಿ ಗುಂಡಿ ತೋಡಿದವನು ನಾನೇ. ಮಾಮಿ ಒಂದು ಮಾತೂ ಆಡಲಿಲ್ಲ. ದನ ಮಾತ್ರ ಎರಡು ದಿನ ಹಟ್ಟಿಯ ಬಾಗಿಲಿನ ಕಡೆ ನೋಡಿ ಕೂಗಿತು. ಆ ಕೂಗು ತರಾವೀಹ್‌ನಲ್ಲಿ ನಿಂತಾಗಲೂ ಕಿವಿಯಲ್ಲಿತ್ತು.

ಆ ವೈದ್ಯರು ಅಂದು ಹಟ್ಟಿಯ ಮೆಟ್ಟಿಲಲ್ಲಿ ಕೂತು ಹೇಳಿದ್ದನ್ನು ನಾನು ಮಕ್ಕಳು ಪಾಠ ಬರೆದುಕೊಂಡ ಹಾಗೆ ಬರೆದುಕೊಂಡೆ. ಮನುಷ್ಯರ ಮಗುವಿಗೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ಸ್ವಲ್ಪ ರೋಗ ನಿರೋಧಕ ಶಕ್ತಿ ಸಿಗುತ್ತದೆ. ಕರುವಿಗೆ ಹಾಗಲ್ಲ. ದನದ ಗರ್ಭಚೀಲದ ರಚನೆ ಬೇರೆ, ಅದರ ಮೂಲಕ ಆ ಶಕ್ತಿ ದಾಟುವುದಿಲ್ಲ. ಕರು ಹುಟ್ಟುವಾಗ ಬರಿಗೈ. ಅದರ ಎಲ್ಲ ರಕ್ಷಣೆಯೂ ಗಿಣ್ಣಿನಲ್ಲಿದೆ. ಅದೂ ಗಡಿಯಾರ ನೋಡಿಕೊಂಡು ಕೆಲಸ ಮಾಡುತ್ತದೆ: ಹುಟ್ಟಿದ ಮೊದಲ ಗಂಟೆಗಳಲ್ಲಿ ಕರುವಿನ ಕರುಳು ಗಿಣ್ಣಿನ ಆ ಅಂಶಗಳನ್ನು ಹಾಗೆಯೇ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಗಂಟೆ ಹೋದ ಹಾಗೆ ಆ ಬಾಗಿಲು ಮುಚ್ಚುತ್ತಾ ಬರುತ್ತದೆ. 24 ಗಂಟೆ ಕಳೆದರೆ ಬಹುತೇಕ ಮುಚ್ಚಿ ಹೋಗುತ್ತದೆ. ಆಮೇಲೆ ಬಾಲ್ದಿ ತುಂಬ ಗಿಣ್ಣು ಕೊಟ್ಟರೂ ಅದು ಆಹಾರ ಮಾತ್ರ, ರಕ್ಷಣೆಯಲ್ಲ. ಹಾಗಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಮೊದಲ ಗಿಣ್ಣು ಕರುವಿನ ಹೊಟ್ಟೆಗೆ ಸೇರಬೇಕು. ಕಸ ಬೀಳಲಿ ಎಂದು ಕಾಯುವುದು ತಪ್ಪು. ಕರು ಕೆಚ್ಚಲಿಗೆ ಬಾಯಿ ಹಾಕಿ ಚೀಪಿದರೆ ದನದ ಗರ್ಭಕೋಶ ಸಂಕುಚಿತವಾಗಿ ಕಸ ಬೀಳಲಿಕ್ಕೂ ಸಹಾಯವೇ ಆಗುತ್ತದೆ.

ಇಷ್ಟು ಕೇಳಿದ ಮೇಲೆ ಮಾಮಿ ಹೇಳಿದ್ದು: "ನಾವು ಗಿಣ್ಣನ್ನು ನೆರೆಕರೆಗೆಲ್ಲ ಹಂಚಿದ್ದೇವೆ. ಕರುವಿಗೆ ಮಾತ್ರ ಕೊಟ್ಟದ್ದು ಕಡಿಮೆ."

ಹದಿನೇಳನೆಯ ರಾತ್ರಿ

ರಮಝಾನ್ 17ರ ರಾತ್ರಿ, ಮಸೀದಿಯಲ್ಲಿ ಬದ್ರ್ ಶುಹದಾಗಳ ಸ್ಮರಣೆ ಮುಗಿಸಿ ಬರುವಾಗ ಹಟ್ಟಿಯಲ್ಲಿ ಲೈಟು ಉರಿಯುತ್ತಿತ್ತು. ಮಾಮಿಯ ಹಿರಿಯ ದನ, ದಿನಕ್ಕೆ ಹನ್ನೆರಡು ಲೀಟರ್ ಕೊಡುವಂಥದ್ದು, ನೋವು ತಿನ್ನುತ್ತಿತ್ತು. ಸಹರಿಗೆ ಸ್ವಲ್ಪ ಮೊದಲು ಕರು ಬಿತ್ತು. ಈ ಸಲ ನಾನು ಹೇಳಿದ್ದನ್ನೆಲ್ಲ ಮಾಡಿದೆ. ಮೂಗು, ಬಾಯಿಯ ಲೋಳೆ ಒರೆಸಿದೆ. ಒಣ ಬೈಹುಲ್ಲಿನಿಂದ ಎದೆ ಉಜ್ಜಿದೆ. ದನ ನೆಕ್ಕಲು ಬಿಟ್ಟೆ. ನೆಕ್ಕುವುದೆಂದರೆ ಬರೀ ಪ್ರೀತಿಯಲ್ಲ, ಆ ಒರಟು ನಾಲಗೆಯಿಂದ ಕರುವಿನ ರಕ್ತ ಸಂಚಾರ, ಉಸಿರು ಚುರುಕಾಗುತ್ತದೆ. ಹೊಕ್ಕುಳಬಳ್ಳಿಯನ್ನು ಸುಮಾರು ಎರಡು ಇಂಚು ಬಿಟ್ಟು ಶುದ್ಧ ಕತ್ತರಿಯಿಂದ ಕತ್ತರಿಸಿ ಟಿಂಚರ್ ಅಯೋಡಿನ್‌ನಲ್ಲಿ ಅದ್ದಿದೆ. ಇದನ್ನು ಬಿಟ್ಟರೆ ಹೊಕ್ಕುಳ ಬಾತು, ಅಲ್ಲಿಂದ ಕೀವು ಗಂಟುಗಳಿಗೆ ಇಳಿದು ಕರು ಕುಂಟುತ್ತದೆ.

ಆಮೇಲೆ ನೋಡಿದರೆ ಗಂಡು.

ಆಗ ನಮ್ಮ ಸಹಾಯಕ್ಕೆ ಬಂದವರು ಪಕ್ಕದ ಮನೆಯ ಅಕ್ಕ. ಅವರಿಗೂ ಮೂರು ದನ ಉಂಟು. ಮಾಮಿಗೂ ಅವರಿಗೂ ಮೂವತ್ತು ವರ್ಷದ ಒಡನಾಟ. ಲೈಟು ನೋಡಿ ಟಾರ್ಚ್ ಹಿಡಿದುಕೊಂಡು ಬಂದರು. ನಾನು ಬಾಟಲಿಗೆ ಕೈ ಹಾಕುವುದನ್ನು ನೋಡಿ, "ಬೇಡ ಮಾರಾಯ್ರೆ, ಅದನ್ನು ಇಡಿ ಆಚೆ" ಎಂದರು. ಕೈ ತೊಳೆಸಿದರು. ಉಗುರು ನೋಡಿದರು. ಎರಡು ಬೆರಳನ್ನು ಗಿಣ್ಣಿನಲ್ಲಿ ಅದ್ದಿ ಕರುವಿನ ಬಾಯಿಗೆ ಇಡಲು ಹೇಳಿದರು. ಸ್ಯಾಂಡ್ ಪೇಪರಿನಂಥ ನಾಲಗೆ ಬೆರಳನ್ನು ಸುತ್ತಿಕೊಂಡು ಎಳೆಯಿತು. ಅಷ್ಟು ಸಣ್ಣ ಜೀವದಲ್ಲಿ ಅಷ್ಟು ಬಲ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಹಾಗೆಯೇ ಚೀಪಿಸುತ್ತಾ ನಿಧಾನ ಕೈಯನ್ನು ಪಾತ್ರೆಗೆ ಇಳಿಸಬೇಕು. ಕರುವಿನ ಮೂತಿ ಬೆರಳಿನ ಹಿಂದೆ ಬರುತ್ತದೆ, ಬೆರಳಿನ ಜತೆ ಹಾಲೂ ಬಾಯಿಗೆ ಹೋಗುತ್ತದೆ. ಮೂಗಿನ ಹೊಳ್ಳೆ ಮುಳುಗದ ಹಾಗೆ ನೋಡಿಕೊಳ್ಳಬೇಕು. ನಾಲ್ಕೈದು ಹೊತ್ತಿನಲ್ಲಿ ಅದಕ್ಕೆ ಅಭ್ಯಾಸವಾಗಿ ಬೆರಳು ಬೇಕಾಗುವುದಿಲ್ಲ. ನಿಪ್ಪಲ್ ಇರುವ ಬಾಟಲಿ ಸಿಕ್ಕಿದರೆ ಅದೂ ಒಳ್ಳೆಯದೇ. ಯಾವುದರಲ್ಲಿಯಾದರೂ ಕರು ತಾನಾಗಿ ಚೀಪಿ ನುಂಗಬೇಕು, ನಾವು ಗಂಟಲಿಗೆ ಸುರಿಯಬಾರದು. ಇಷ್ಟೇ ವಿಷಯ. ಇದು ಗೊತ್ತಿದ್ದಿದ್ದರೆ ಮೊದಲಿನ ಕರು ಉಳಿಯುತ್ತಿತ್ತೋ ಏನೋ.

ಒಂದು ಗಂಟೆಯೊಳಗೆ ಸುಮಾರು ಎರಡು ಲೀಟರ್ ಗಿಣ್ಣು ಕುಡಿಯಿತು. ಸುಬಹಿ ಬಾಂಗಿನ ಹೊತ್ತಿಗೆ ನಾಲ್ಕು ಕಾಲಿನಲ್ಲಿ ನಿಂತಿತ್ತು, ಹೊಸದಾಗಿ ಸೈಕಲ್ ಕಲಿಯುವವರ ಹಾಗೆ ಆಚೆ ಈಚೆ ವಾಲುತ್ತಾ.

"ಗಂಡಾ? ಹಾಗಾದ್ರೆ..."

ಬೆಳಿಗ್ಗೆ ಸೌದಿಯಿಂದ ಫೋನು ಬಂತು. "ಗಂಡಾ? ಹಾಗಾದ್ರೆ ಹಾಲು ಜಾಸ್ತಿ ಕೊಡ್ಬೇಡಿ ಉಮ್ಮ. ಲುಕ್ಸಾನು." ಹುಡುಗ ಕಲ್ಲುಹೃದಯದವನಲ್ಲ. ಸುಡುವ ಬಿಸಿಲಲ್ಲಿ ದುಡಿದು ಹಿಂಡಿಯ ಬಿಲ್ಲು ಕಟ್ಟುವವನು. ಅವನು ಹೇಳಿದ್ದನ್ನೇ ಎಷ್ಟೋ ಮನೆಗಳಲ್ಲಿ ಬಾಯಿ ಬಿಟ್ಟು ಹೇಳದೆ ಮಾಡುತ್ತಾರೆ. ಜಾತಿ, ಧರ್ಮ ಇದರಲ್ಲಿ ಇಲ್ಲ. ಹೆಣ್ಣು ಕರುವಾದರೆ ಒಂದು ತೊಟ್ಟು ಬಿಟ್ಟು ಕರೆಯುತ್ತಾರೆ. ಗಂಡಾದರೆ ಪೂರ್ತಿ ಕರೆದು, ಬರಿದಾದ ಕೆಚ್ಚಲಿಗೆ ಕರುವನ್ನು ಬಿಡುತ್ತಾರೆ. ಕೊಲ್ಲುವುದೂ ಇಲ್ಲ, ಬದುಕಿಸುವುದೂ ಇಲ್ಲ. ಎರಡು ವಾರದಲ್ಲಿ ಅದು ತಾನಾಗಿ ಸಾಯುತ್ತದೆ. "ಬೇಧಿ ಆಯ್ತು, ಸತ್ತಿತು" ಎನ್ನುತ್ತೇವೆ. ಹಸಿದ ಹೊಟ್ಟೆಗೆ ಬೇಧಿ ಬಾರದೆ ಇನ್ನೇನು ಬರುತ್ತದೆ?

ಅವರ ಲೆಕ್ಕವೂ ಸುಳ್ಳಲ್ಲ. ಮಿಶ್ರತಳಿಯ ಗಂಡು ಕರು ಉಳುಮೆಗೆ ಆಗಿ ಬರುವುದಿಲ್ಲ, ಗದ್ದೆಗೆ ಈಗ ಟಿಲ್ಲರ್ ಬಂದಿದೆ. ಮಾರೋಣವೆಂದರೆ ಯಾರಿಗೆ? 2021ರಿಂದ ರಾಜ್ಯದಲ್ಲಿ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ದನ, ಕರು, ಹೋರಿ, ಎತ್ತು ಯಾವುದನ್ನೂ ಕಡಿಯುವಂತಿಲ್ಲ. ಸಾಕುವವರಿಗೆ ಕೊಡೋಣವೆಂದರೂ ದಾಖಲೆ ಸರಿ ಇಟ್ಟುಕೊಂಡು ಸಾಗಿಸಬೇಕು. ದಾಖಲೆ ಇದ್ದರೂ ನಮ್ಮ ಹುಡುಗನೊಬ್ಬ ಪಿಕಪ್‌ನಲ್ಲಿ ಕರು ಹಾಕಿಕೊಂಡು ಹೊರಟರೆ ಅವನು ತಿರುಗಿ ಮನೆ ಮುಟ್ಟುವವರೆಗೆ ಉಮ್ಮನಿಗೆ ಸಮಾಧಾನವಿಲ್ಲ. ಇದು ನಮ್ಮ ಕರಾವಳಿಯ ವಾಸ್ತವ. ಹಾಗಾಗಿ ಗಂಡು ಕರು ಹುಟ್ಟಿದರೆ ಯಾರಿಗೂ ಬೇಡ.

ಆದರೆ ಆ ಕಷ್ಟಕ್ಕೆ ಕರು ಕಾರಣವಲ್ಲವಲ್ಲ. ಅದು ಹುಟ್ಟಿದ್ದು ನಮ್ಮ ಹಟ್ಟಿಯಲ್ಲಿ. ಅದು ಹುಟ್ಟಿದ ಕಾರಣದಿಂದಲೇ ಅದರ ತಾಯಿ ಹಾಲು ಕೊಡುತ್ತಿದೆ.

ಅಂದು ಮಾಮಿಗೆ ನಾನು ಕಿತಾಬಿನ ವಿಷಯ ಹೇಳಿದೆ. ಶಾಫಿಈ ಫಿಖ್‌ಹಿನ ಕಿತಾಬುಗಳಲ್ಲಿ ನಫಖದ ಅಧ್ಯಾಯ ಬರುತ್ತದೆ. ಹೆಂಡತಿಗೆ, ಮಕ್ಕಳಿಗೆ, ತಂದೆತಾಯಿಗೆ ಕೊಡಬೇಕಾದ ಖರ್ಚಿನ ವಿಷಯ. ಅದೇ ಅಧ್ಯಾಯದ ಕೊನೆಗೆ ಸಾಕಿದ ಪ್ರಾಣಿಗಳ ಮಾತೂ ಬರುತ್ತದೆ. ಅವುಗಳಿಗೆ ಮೇವು, ನೀರು ಕೊಡುವುದು ಯಜಮಾನನ ಮೇಲೆ ಕಡ್ಡಾಯ. ಕರುವಿಗೆ ತೊಂದರೆಯಾಗುವಷ್ಟು ಹಾಲು ಕರೆಯಬಾರದು. ಕೆಚ್ಚಲಿನಲ್ಲಿ ಸ್ವಲ್ಪ ಬಿಡುವುದು, ತೊಟ್ಟಿಗೆ ಗಾಯವಾಗದ ಹಾಗೆ ಕರೆಯುವವನು ಉಗುರು ಕತ್ತರಿಸಿಕೊಂಡಿರುವುದು ಒಳ್ಳೆಯ ನಡತೆ ಎಂದೂ ಉಲಮಾಗಳು ಬರೆದಿದ್ದಾರೆ. ಹೆಣ್ಣು ಕರುವಿಗೆ ಒಂದು, ಗಂಡು ಕರುವಿಗೆ ಒಂದು ಎಂಬ ಭೇದ ಅಲ್ಲಿಲ್ಲ.

ಮಾಮಿ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಕಿತಾಬಿನಲ್ಲಿ ಇಷ್ಟೆಲ್ಲ ಉಂಟಾದ್ರೆ, ಇಷ್ಟು ವರ್ಷ ನೀವು ಯಾಕೆ ಹೇಳ್ಲಿಲ್ಲ ಉಸ್ತಾದೇ?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಅಧ್ಯಾಯವನ್ನು ಓದಿದ್ದೇನೆ, ಓದಿಸಿದ್ದೇನೆ. ಎಷ್ಟೋ ಮತಪ್ರವಚನ ಮಾಡಿದ್ದೇನೆ. ಎದುರು ಕೂತ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಹಾಲು ಕರೆದು ಸೊಸೈಟಿಗೆ ಕೊಟ್ಟು ಬಂದವರು. ಅವರ ಹಟ್ಟಿಯ ಮಾತು ನನ್ನ ಬಾಯಿಗೆ ಒಮ್ಮೆಯೂ ಬಂದದ್ದಿಲ್ಲ. ಆ ವಾಕ್ಯ ನನಗೆ ಬಾಯಿಪಾಠವಾಗಿತ್ತು, ಅರ್ಥವಾದದ್ದು ಬೆರಳನ್ನು ಕರುವಿನ ಬಾಯಿಗೆ ಇಟ್ಟಾಗ.

ಮಾಮಿಯೇ ತೀರ್ಮಾನ ಮಾಡಿದರು. ಮಗನಿಗೆ ಫೋನಿನಲ್ಲಿ ಹೇಳಿದರು: "ಹೆಣ್ಣಿಗೆ ಎಷ್ಟೋ ಇವನಿಗೂ ಅಷ್ಟೇ. ಮೂರು ತಿಂಗಳು. ಆಮೇಲೆ ಹುಲ್ಲು ತಿನ್ಲಿ."

ಲೆಕ್ಕ ಹಾಕಿ ನೋಡಿದರೆ

ಅಷ್ಟೇ ಎಂದರೆ ಎಷ್ಟು? ಇದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಹೆದರಿಕೆ ಲೆಕ್ಕಕ್ಕಿಂತ ದೊಡ್ಡದು. ಮೊದಲ ತಿಂಗಳು ಕರುವಿನ ತೂಕದ ಹತ್ತನೇ ಒಂದು ಪಾಲು ಹಾಲು ದಿನಕ್ಕೆ ಬೇಕು ಎನ್ನುತ್ತಾರೆ. 28 ಕೆ.ಜಿ. ಕರುವಾದರೆ ಸುಮಾರು ಮೂರು ಲೀಟರ್, ಎರಡು ಅಥವಾ ಮೂರು ಹೊತ್ತಿಗೆ ಭಾಗ ಮಾಡಿ. ಎರಡನೆಯ ತಿಂಗಳು ತೂಕದ ಹದಿನೈದನೇ ಒಂದು ಪಾಲು, ಮೂರನೆಯ ತಿಂಗಳು ಇಪ್ಪತ್ತನೇ ಒಂದು ಪಾಲು. ಕರು ಬೆಳೆಯುವುದರಿಂದ ಅದೂ ದಿನಕ್ಕೆ ಎರಡೂವರೆ ಲೀಟರ್‌ನ ಆಸುಪಾಸು ಬರುತ್ತದೆ. ಮೂರು ತಿಂಗಳಿಗೆ ಒಟ್ಟು 240 ಲೀಟರ್ ಎಂದು ಹಿಡಿಯಿರಿ. ಲೀಟರಿಗೆ 35 ರೂಪಾಯಿಯ ಲೆಕ್ಕದಲ್ಲಿ 8,400 ರೂಪಾಯಿ. ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಅದೇ ದನ ಆ ಮೂರು ತಿಂಗಳಲ್ಲಿ ದಿನಕ್ಕೆ 12 ಲೀಟರಿನಂತೆ ಸಾವಿರ ಲೀಟರಿಗೂ ಹೆಚ್ಚು ಕೊಡುತ್ತದೆ. ನಾಲ್ಕರಲ್ಲಿ ಒಂದು ಪಾಲು ಸಹ ಕರುವಿಗೆ ಹೋಗಲಿಲ್ಲ.

ಇನ್ನು ಗಿಣ್ಣು. ಅದನ್ನು ಸೊಸೈಟಿಯವರು ತೆಗೆದುಕೊಳ್ಳುವುದೇ ಇಲ್ಲ. ಕಾಯಿಸಿದರೆ ಗಟ್ಟಿಯಾಗುವ ಹಾಲು ಅದು, ಬೇರೆ ಹಾಲಿಗೆ ಸೇರಿದರೆ ಅದನ್ನೂ ಕೆಡಿಸುತ್ತದೆ. ಹಾಗಾಗಿ ಮೊದಲ ನಾಲ್ಕೈದು ದಿನ ಕರುವಿಗೆ ಹೊಟ್ಟೆ ತುಂಬ ಕೊಟ್ಟರೆ ಒಂದು ಪೈಸೆಯೂ ನಷ್ಟವಿಲ್ಲ. ಅಲ್ಲಿಯೇ ನಾವು ಪಿಟ್ಟಾಸೆ ಮಾಡುತ್ತೇವೆ.

ಎರಡನೆಯ ವಾರದಿಂದ ಕರುವಿನ ಎದುರು ಶುದ್ಧ ನೀರು, ಒಂದು ಹಿಡಿ ಕರುಗಳ ಹಿಂಡಿ, ಎಳೆ ಹುಲ್ಲು ಇಡಲು ಸುರು ಮಾಡಿದೆವು. ಮೊದಲು ಮೂಸಿ ನೋಡುತ್ತದೆ, ಆಟವಾಡುತ್ತದೆ. ಹಾಲು ಕುಡಿದಾದ ಮೇಲೆ ಸ್ವಲ್ಪ ಹಿಂಡಿಯನ್ನು ಬಾಯಿಗೆ ಸವರಿದರೆ ರುಚಿ ಹತ್ತುತ್ತದೆ. ಹುಲ್ಲು ಅರಗಿಸುವ ಹೊಟ್ಟೆ ಬೆಳೆಯುವುದು ಹೀಗೆ ತಿಂದು ತಿಂದೇ. ಹತ್ತನೆಯ ದಿನಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಹುಳದ ಮದ್ದು ಕೊಟ್ಟೆವು. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ.

ಪೆರ್ನಾಲಿನ ದಿನ

ಏಪ್ರಿಲ್ 10, ಪೆರ್ನಾಲ್. ಕರುವಿಗೆ ಹದಿಮೂರನೆಯ ದಿನ. ಈದ್ ನಮಾಝ್ ಮುಗಿಸಿ ಬಂದು ಹೊಸ ಬಟ್ಟೆಯಲ್ಲೇ ಹಟ್ಟಿಗೆ ಇಣುಕಿದೆ. ಕರು ಮೂಲೆಯಲ್ಲಿ ಮಲಗಿತ್ತು. ಪ್ರತಿದಿನ ನನ್ನ ಕಾಲಿನ ಸದ್ದಿಗೆ ಏಳುವ ಕರು ಏಳಲಿಲ್ಲ. ಕಿವಿ ಜೋತು ಬಿದ್ದಿತ್ತು, ಮುಟ್ಟಿದರೆ ತಣ್ಣಗೆ. ಬಾಲದ ಹಿಂದೆಲ್ಲ ನೀರಿನಂಥ ಬಿಳಿ ಬೇಧಿ.

ರಜೆಯ ದಿನ ವೈದ್ಯರು ಫೋನು ಎತ್ತಿದ್ದೇ ದೊಡ್ಡ ಉಪಕಾರ. ಕುತ್ತಿಗೆಯ ಚರ್ಮವನ್ನು ಚಿವುಟಿ ಬಿಡಲು ಹೇಳಿದರು. ಆರೋಗ್ಯದ ಕರುವಾದರೆ ಚರ್ಮ ಕೂಡಲೇ ಸಮವಾಗುತ್ತದೆ. ಇದರದ್ದು ಮಡಚಿಕೊಂಡೇ ನಿಂತಿತು, ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದು ಅರ್ಥ. ಬೇಧಿಯಲ್ಲಿ ಕರು ಸಾಯುವುದು ಹೆಚ್ಚಾಗಿ ನೀರು, ಉಪ್ಪಿನಂಶ ಕಳೆದುಕೊಂಡು. ಓಆರ್‌ಎಸ್ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು, ಹಾಲಿನ ಜತೆ ಬೆರೆಸಬಾರದು, ಹಾಲನ್ನು ಪೂರ್ತಿ ನಿಲ್ಲಿಸಲೂಬಾರದು, ಕಡಿಮೆ ಕಡಿಮೆಯಾಗಿ ಹೆಚ್ಚು ಹೊತ್ತು ಕೊಡಿ ಎಂದರು. ಹಾಸಿಗೆ ಒಣಗಿರಲಿ ಎಂದರು. ಸಂಜೆ ಅವರೇ ಬೈಕಿನಲ್ಲಿ ಬಂದು ಮದ್ದೂ ಕೊಟ್ಟು ಹೋದರು.

ಆ ದಿನ ನಾನು ಬಿರಿಯಾನಿ ಉಂಡದ್ದು ಅಸರಿನ ನಂತರ. ಎರಡು ಗಂಟೆಗೊಮ್ಮೆ ಬೆರಳು, ಪಾತ್ರೆ, ಅರ್ಧ ಲೀಟರ್ ನೀರು. ನಮ್ಮ ಮಕ್ಕಳು ಪೆರ್ನಾಲಿನ ಬಟ್ಟೆಯಲ್ಲಿ ಹಟ್ಟಿಯ ಬಾಗಿಲಲ್ಲಿ ನಿಂತು "ಈಗ ಹೇಗುಂಟು, ಈಗ ಹೇಗುಂಟು" ಎಂದು ಕೇಳುತ್ತಿದ್ದರು. ರಾತ್ರಿ ಹತ್ತು ಗಂಟೆಗೆ ಸೌದಿಯಿಂದ ಫೋನು. ಪೆರ್ನಾಲಿನ ಸಲಾಂ ಹೇಳಿ ಹುಡುಗ ಮೊದಲು ಕೇಳಿದ್ದು, "ಅದು ಎದ್ದಿತಾ?" ಇನ್ನೂ ಎದ್ದಿರಲಿಲ್ಲ. ಮರುದಿನ ಸುಬಹಿಗೆ ಹೋಗಿ ನೋಡುವಾಗ ಎದ್ದು ನಿಂತು ತಾಯಿಯ ಕಡೆ ಕೂಗುತ್ತಿತ್ತು. ನನ್ನ ಕೈ ಮೂಸಿ ಬೆರಳು ಹುಡುಕಿತು.

ಆಮೇಲೆ ಮದ್ರಸ ಸುರುವಾಯಿತು. ನಾನು ಕಲಿಸುವ ಊರಿನಿಂದ ಅಲ್ಲಿಗೆ ಸ್ಕೂಟರಿನಲ್ಲಿ ಅರ್ಧ ಗಂಟೆ. ಬೆಳಗ್ಗಿನ ಹೊತ್ತು ಮಾಮಿ, ಸಂಜೆಯ ಹೊತ್ತು ಸಾಧ್ಯವಾದ ದಿನವೆಲ್ಲ ನಾನು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬೇರೆಯೇ ಪರೀಕ್ಷೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕರುವಿಗೆ ಚಳಿಗಿಂತ ಹೆಚ್ಚು ಕೇಡು ಮಾಡುವುದು ತೇವ. ಕಾಂಕ್ರೀಟ್ ನೆಲದ ಮೇಲೆ ಒಣ ಬೈಹುಲ್ಲು ಹಾಸಿ, ಒದ್ದೆಯಾದ ಕೂಡಲೇ ತೆಗೆದು ಬೇರೆ ಹಾಕಬೇಕು. ಎರಚಲು ಬರುವ ಕಡೆ ಗೋಣಿ ಕಟ್ಟಿದೆವು, ಗಾಳಿ ಆಡಲು ಮೇಲೆ ಜಾಗ ಬಿಟ್ಟೆವು. ಕಿವಿಯೊಳಗೆ, ಕಾಲಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿ ಇದೆಯೇ ಎಂದು ದಿನಾ ಕೈಯಾಡಿಸಿ ನೋಡಬೇಕು. ಉಣ್ಣಿಯಿಂದ ಬರುವ ಜ್ವರ ದೊಡ್ಡ ದನವನ್ನೇ ಮಲಗಿಸುತ್ತದೆ, ಕರುವಿನ ಪಾಡೇನು?

ಅವರ ಹಟ್ಟಿಯಲ್ಲಿ ಈಗ

ಆ ಗಂಡು ಕರು ಈಗ ನನ್ನ ಎದೆಯೆತ್ತರ ಬೆಳೆದಿದೆ. ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ಇದೆ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಆಗುತ್ತಿದೆ. ವೈದ್ಯರು ಬೀಜ ಒಡೆದಿದ್ದಾರೆ, ಸಾಧು. ಅದರಿಂದ ಲಾಭವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ತಿನ್ನುವುದು ಹೆಚ್ಚಾಗಿ ತೋಟದ ಹುಲ್ಲು, ಕೊಡುವುದು ಗೊಬ್ಬರ. ಅಡಿಕೆ ಮರದ ಬುಡಕ್ಕೆ ಹೊರಗಿನಿಂದ ಗೊಬ್ಬರ ತರಿಸುವುದು ಮಾಮಿ ಕಡಿಮೆ ಮಾಡಿದ್ದಾರೆ. ಲೆಕ್ಕ ಪೂರ್ತಿ ಸರಿಹೊಂದುವುದಿಲ್ಲ, ಅದನ್ನು ಅವರೂ ಬಲ್ಲರು. ಹಾಗಾಗಿ ಈಗ ದನಕ್ಕೆ ಕೃತಕ ಗರ್ಭಧಾರಣೆ ಮಾಡಿಸುವಾಗ ಹೆಣ್ಣು ಕರುವೇ ಹುಟ್ಟುವ ಸಾಧ್ಯತೆ ಹೆಚ್ಚಿರುವ, ಲಿಂಗ ನಿರ್ಧರಿತ ವೀರ್ಯವನ್ನು ಕೇಳಿ ಹಾಕಿಸುತ್ತಾರೆ. ನೂರರಲ್ಲಿ ಸುಮಾರು 90 ಹೆಣ್ಣು ಹುಟ್ಟುತ್ತದೆ. ಬೇಡದ ಕರುವನ್ನು ಹಸಿವಿನಲ್ಲಿ ಸಾಯಿಸುವುದಕ್ಕಿಂತ ಅದು ಹುಟ್ಟದ ಹಾಗೆ ಮೊದಲೇ ಯೋಚಿಸುವುದು ಒಳ್ಳೆಯ ದಾರಿ. ಉಳಿದ ಹತ್ತರಲ್ಲಿ ಗಂಡು ಹುಟ್ಟಿದರೆ? "ಅದಕ್ಕೂ ಮೂರು ತಿಂಗಳು" ಎನ್ನುತ್ತಾರೆ ಮಾಮಿ.

ಹೆಣ್ಣು ಕರು ಇರುವ ಮನೆಯವರು ಇನ್ನೊಂದು ನೆನಪಿಡಬೇಕು. ಕಂದುರೋಗ ಎಂಬ ಬ್ರೂಸೆಲ್ಲಾ ದನಗಳಿಗೆ ಗರ್ಭಪಾತ ಮಾಡಿಸುತ್ತದೆ, ಹಸಿ ಹಾಲಿನಿಂದ, ಬಿದ್ದ ಕಸವನ್ನು ಬರಿಗೈಯಲ್ಲಿ ಮುಟ್ಟುವುದರಿಂದ ಮನುಷ್ಯರಿಗೂ ಬರುತ್ತದೆ. ಇದಕ್ಕೆ ಲಸಿಕೆ ಹೆಣ್ಣು ಕರುವಿಗೆ 4ರಿಂದ 8 ತಿಂಗಳ ಒಳಗೆ, ಜೀವಮಾನಕ್ಕೆ ಒಮ್ಮೆ. ಕೇಂದ್ರ ಸರಕಾರ 2019ರಲ್ಲಿ ಸುರು ಮಾಡಿದ ಕಾರ್ಯಕ್ರಮದಲ್ಲಿ ಇದು, ಕಾಲುಬಾಯಿ ಜ್ವರದ ಲಸಿಕೆ ಎರಡೂ ಉಚಿತ. ಊರಿನಲ್ಲಿ ವೈದ್ಯರು ಸಿಗದಿದ್ದರೆ 1962ಕ್ಕೆ ಫೋನು ಮಾಡಿ ಪಶು ಆಂಬುಲೆನ್ಸ್ ಕೇಳಬಹುದು.

ಮರುವರ್ಷ ಮಾಮಿಯ ಹಟ್ಟಿಯಲ್ಲಿ ನಾಲ್ಕು ಕರು ಹುಟ್ಟಿದವು. ನಾಲ್ಕೂ ಉಳಿದವು. ನಾನು ಮಾಡಿದ್ದು ಹೆಚ್ಚೇನಿಲ್ಲ, ಅವರೇ ಎಲ್ಲ ಕಲಿತುಕೊಂಡರು. ಪಕ್ಕದ ಮನೆಯ ಅಕ್ಕನ ಹಟ್ಟಿಯಲ್ಲಿ ಕರು ಹುಟ್ಟಿದಾಗ ಈಗ ಟಾರ್ಚ್ ಹಿಡಿದುಕೊಂಡು ಹೋಗುವುದು ಮಾಮಿ. ನನ್ನ ಪ್ರವಚನದಲ್ಲೂ ಈಗ ವರ್ಷಕ್ಕೊಮ್ಮೆಯಾದರೂ ನಫಖದ ಆ ಕೊನೆಯ ಭಾಗ ಬರುತ್ತದೆ. ಅದನ್ನು ಹೇಳುವಾಗ ತೋಟದ ಮೂಲೆಯ ಆ ಗುಂಡಿ ನೆನಪಾಗದೆ ಇರುವುದಿಲ್ಲ.

ಮೊನ್ನೆ ಅಲ್ಲಿಗೆ ಹೋದಾಗ ಒಂದು ದನ ಕರು ಹಾಕಿ ಎರಡು ಗಂಟೆಯಾಗಿತ್ತಷ್ಟೆ. ಆಚೆ ಮನೆಯ ಹುಡುಗಿ ಸ್ಟೀಲ್ ತೂಕು ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದಳು. "ಗಿಣ್ಣು ಉಂಟಾ ಅಂತ ಉಮ್ಮ ಕೇಳ್ಲಿಕ್ಕೆ ಹೇಳಿದ್ದಾರೆ."

ಮಾಮಿ ಹಟ್ಟಿಯೊಳಗಿಂದಲೇ ಹೇಳಿದರು: "ಉಂಟು ಮೋಲೆ. ನಾಡಿದ್ದು ಬಾ. ಇವತ್ತಿನದ್ದು ಇದರದ್ದು."